ಮುಟ್ಟು ನಿಂತ ಮೇಲಿನ ಮಾತು

ನಾದಿನಿ: ಅತ್ತಿಗೆ, 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಯ್ತು. ನಿಮ್ಮ ಓರಗೆಯವರೆಲ್ಲ ಧರ್ಮಸ್ಥಳ, ಹೊರನಾಡು, ಮಲೆ ಮಹದೇಶ್ವರ ಬೆಟ್ಟ ಅಂತ ಸುತ್ತಿ ಬಂದ್ರು. ನೀವು ಮಾತ್ರ ಸಾಗರದಿಂದ ಶಿವಮೊಗ್ಗಕ್ಕೂ ಬರಲ್ಲ. ಕರೆದಾಗೆಲ್ಲ ಮೊಣಕಾಲು ನೋವು ಅಂತೀರಿ. ನಿನ್ನೆ ಏಣಿ ಹತ್ತಿ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿದ್ದನ್ನ ನಾನೇ ನೋಡಿದೆ.

ಅತ್ತಿಗೆ: ಮೊಣಕಾಲಿನದ್ದಲ್ಲ ಬಿಡು.

ನಾದಿನಿ: ಮತ್ತೆ?

ಅತ್ತಿಗೆ: ಒಂದಕ್ಕೆ ಹೋಗೋದ್ರದ್ದು. ಬಸ್ಸು ಆನಂದಪುರ ದಾಟೋದ್ರೊಳಗೆ ಅವಸರ ಶುರುವಾಗತ್ತೆ. ಕಂಡಕ್ಟರ್ ಹತ್ರ ನಿಲ್ಲಿಸಪ್ಪ ಅಂತ ಕೇಳೋಕೆ ನಾಚಿಕೆ. ಕೇಳಿ ಇಳಿದ್ರೂ ಹೋಗೋದೆಲ್ಲಿ? ಗಂಡಸರ ಹಾಗೆ ಮರದ ಬುಡಕ್ಕೆ ಹೋಗಿ ನಿಲ್ಲೋಕಾಗತ್ತಾ? ಪ್ರಯಾಣ ಅಂದ್ರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡ್ತೀನಿ. ಆದ್ರೂ ತಡೆಯೋಕಾಗಲ್ಲ. ಹೋದಾಗ ಬರೋದು ಒಂದು ಚಮಚ, ಅದೂ ಮೆಣಸಿನಪುಡಿ ಹಾಕಿದ ಹಾಗೆ ಉರಿ.

ನಾದಿನಿ: ನೀರು ಬಿಟ್ರೆ ಉರಿ ಹೆಚ್ಚಾಗತ್ತೆ ಅತ್ತಿಗೆ. ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನ ಕೆರಳಿಸತ್ತೆ. ಎಷ್ಟು ಕಾಲದಿಂದ ಹೀಗಿದೆ?

ಅತ್ತಿಗೆ: ಮುಟ್ಟು ನಿಂತದ್ದು ನಲವತ್ತೇಳಕ್ಕೆ. ಆಗ ಮೈಯೆಲ್ಲ ಧಗಧಗ ಅಂತಿತ್ತು, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗ್ತಿತ್ತು. ಅದೆಲ್ಲ ಬರ್ತಾ ಬರ್ತಾ ತಾನಾಗೇ ಹೋಯ್ತು. ಇದೂ ಹಾಗೇ ಹೋಗತ್ತೆ ಅಂತ ಕಾದೆ. ಹೋಗೋದಿರಲಿ, ಹೆಚ್ಚಾಗ್ತಾ ಬಂತು.

ನಾದಿನಿ: ನಮ್ಮ ಹೆರಿಗೆ ವಿಭಾಗದ ಹೊರರೋಗಿ ಕೋಣೆಯಲ್ಲಿ ದಿನಾ ಕೇಳೋ ಮಾತು ಇದು. ಮೈ ಬಿಸಿಯಾಗೋದು ಕಾಲ ಕಳೆದ ಹಾಗೆ ತಗ್ಗತ್ತೆ. ಕೆಳಗೆ ಒಣಗೋದು, ಉರಿ, ತುರಿಕೆ, ಮೂತ್ರದ ಅವಸರ, ಇವು ಚಿಕಿತ್ಸೆ ಇಲ್ಲದೆ ತಗ್ಗಲ್ಲ. ಎಷ್ಟು ವರ್ಷ ಕಾದ್ರೆ ಅಷ್ಟೂ ಬಲಿಯುತ್ತೆ. ಕಾಯಬಾರದ ತೊಂದರೆಗೆ ನಮ್ಮ ಹೆಂಗಸರು ಹತ್ತು ವರ್ಷ ಕಾಯ್ತಾರೆ.

ಅತ್ತಿಗೆ: ವಯಸ್ಸಾದ್ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ? ಕಣ್ಣು ಮಂಜಾಗತ್ತೆ, ಹಲ್ಲು ಅಲ್ಲಾಡತ್ತೆ, ಹಾಗೇ ಇದೂ.

ನಾದಿನಿ: ಕಣ್ಣು ಮಂಜಾದಾಗ ನೀವು ಪೊರೆ ತೆಗೆಸಿಕೊಂಡ್ರಿ ತಾನೆ? ಅಣ್ಣನೇ ಕರ್ಕೊಂಡು ಹೋದ. ಸಹಿಸ್ಕೊಂಡು ಕೂತುಕೋ ಅಂತ ಯಾರೂ ಹೇಳಲಿಲ್ಲ. ಇದಕ್ಕೆ ಮಾತ್ರ ಯಾಕೆ ಸಹಿಸ್ಕೋಬೇಕು? ಮುಟ್ಟು ನಿಂತ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಈ ತೊಂದರೆ ಇದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲೋದು ಸರಾಸರಿ 46, 47ಕ್ಕೆ. ಅಲ್ಲಿಂದ ಮುಂದೆ ಇಪ್ಪತ್ತೈದು, ಮೂವತ್ತು ವರ್ಷದ ಬದುಕಿದೆ. ಅಷ್ಟು ವರ್ಷ ಉರಿ ಕಟ್ಕೊಂಡು ತಿರುಗಬೇಕಾ?

ಅತ್ತಿಗೆ: ಮುಟ್ಟಿಗೂ ಮೂತ್ರಕ್ಕೂ ಏನು ಸಂಬಂಧ? ಅದೇ ನನಗೆ ಅರ್ಥ ಆಗಲ್ಲ.

ನಾದಿನಿ: ಯೋನಿಯ ಒಳಪದರ, ಮೂತ್ರ ಬರೋ ದಾರಿ, ಮೂತ್ರಕೋಶದ ಬುಡ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ, ಎಲ್ಲವೂ ಈಸ್ಟ್ರೋಜನ್ ಹಾರ್ಮೋನಿನ ಆಸರೆಯಲ್ಲಿ ಇರೋವು. ಅದು ಇರೋವರೆಗೆ ಆ ಚರ್ಮ ದಪ್ಪವಾಗಿ, ಪಸೆಯಾಗಿ, ಹಿಗ್ಗೋ ಹಾಗೆ ಇರತ್ತೆ. ಒಳಪದರದಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆಯಂಥ ವಸ್ತು ಇರತ್ತೆ. ಅದನ್ನ ತಿಂದು ಬದುಕೋ ಒಳ್ಳೆ ಬ್ಯಾಕ್ಟೀರಿಯಾಗಳಿವೆ, ಹಾಲನ್ನ ಹುಳಿ ಮಾಡೋ ಕುಲದವೇ. ಅವು ಜಾಗವನ್ನ ಹುಳಿಯಾಗಿ ಇಡೋದ್ರಿಂದ ಕೆಟ್ಟ ಕ್ರಿಮಿ ಬೆಳೆಯಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯತ್ತೆ, ಪದರ ತೆಳುವಾಗತ್ತೆ, ಒಳ್ಳೆ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗಲ್ಲ, ಹುಳಿ ಹೋಗತ್ತೆ. ಆಗ ಮಲದ್ವಾರದ ಕಡೆಯ ಕ್ರಿಮಿ ಸಲೀಸಾಗಿ ಮೂತ್ರದ ದಾರಿಗೆ ಬರತ್ತೆ. ನಿಮಗೆ ಮೂತ್ರದ ಸೋಂಕು ಎಷ್ಟು ಸಲ ಬಂತು?

ಅತ್ತಿಗೆ: ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಮೆಡಿಕಲ್ ಶಾಪಿನವನು ಮಾತ್ರೆ ಕೊಡ್ತಾನೆ, ಕಡಿಮೆಯಾಗತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಬರತ್ತೆ.

ನಾದಿನಿ: ಆ್ಯಂಟಿಬಯಾಟಿಕ್ ಕ್ರಿಮಿಯನ್ನ ಕೊಲ್ಲತ್ತೆ, ತೆಳುವಾದ ಪದರ ತೆಳುವಾಗೇ ಇರತ್ತೆ. ಅದಕ್ಕೇ ಮರುಕಳಿಸೋದು. ನಿಮಗೆ ಒಂದು ವಿಷಯ ಹೇಳ್ತೀನಿ ಕೇಳಿ. 1993ರಲ್ಲಿ ಇಸ್ರೇಲಿನ ವೈದ್ಯರು ನಿಮ್ಮ ಹಾಗೆ ಪದೇ ಪದೇ ಸೋಂಕು ಬರ್ತಿದ್ದ, ಮುಟ್ಟು ನಿಂತ 93 ಹೆಂಗಸರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಯೋನಿಯೊಳಗೆ ಹಚ್ಚೋ ಈಸ್ಟ್ರಿಯಾಲ್ ಕ್ರೀಮು, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಬರೀ ಕ್ರೀಮು. ಬರೀ ಕ್ರೀಮಿನವರಿಗೆ ವರ್ಷಕ್ಕೆ ತಲಾ ಸುಮಾರು ಆರು ಸಲ ಸೋಂಕು ಬಂತು. ಔಷಧಿ ಕ್ರೀಮಿನವರಿಗೆ ಎರಡು ವರ್ಷಕ್ಕೆ ಒಂದು ಸಲದಷ್ಟು, ಅಷ್ಟೇ. ಇದು ಗೊತ್ತಾಗಿ ಮೂವತ್ತು ವರ್ಷ ದಾಟಿದೆ. ಆದ್ರೂ ನಮ್ಮೂರ ಹೆಂಗಸರು ಮಾತ್ರೆ ಮೇಲೆ ಮಾತ್ರೆ ನುಂಗ್ತಾ ಇದ್ದಾರಲ್ಲ, ಅದನ್ನ ನೆನೆಸಿದ್ರೆ ನನಗೆ ಸಿಟ್ಟು ಬರತ್ತೆ.

ಅತ್ತಿಗೆ: ಹಾರ್ಮೋನು ಅಂದ್ಯಲ್ಲ, ಅದು ಬೇಡ ಕಣೇ. ಕ್ಯಾನ್ಸರ್ ಬರತ್ತಂತೆ.

ನಾದಿನಿ: ಆ ಭಯ ಎಲ್ಲಿಂದ ಬಂತು ಹೇಳ್ತೀನಿ. 2002ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನದ ಒಂದು ಭಾಗವನ್ನ ಅರ್ಧಕ್ಕೇ ನಿಲ್ಲಿಸಿದ್ರು. ಸರಾಸರಿ 63 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರು, ಅರ್ಧ ಜನಕ್ಕೆ ನುಂಗೋ ಹಾರ್ಮೋನ್ ಮಾತ್ರೆ, ಈಸ್ಟ್ರೋಜನ್ ಜೊತೆಗೆ ಇನ್ನೊಂದು ಹಾರ್ಮೋನು ಸೇರಿಸಿದ್ದು. ಮಾತ್ರೆ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಿತ್ತು. ಎಷ್ಟು ಅಂದ್ರೆ ಹತ್ತು ಸಾವಿರ ಹೆಂಗಸರಿಗೆ ವರ್ಷಕ್ಕೆ ಎಂಟು ಜನ ಹೆಚ್ಚು. ಸುದ್ದಿ ಮಾತ್ರ ಹಾರ್ಮೋನು ಅಂದ್ರೆ ಕ್ಯಾನ್ಸರ್ ಅಂತ ಊರೂರಿಗೆ ಹಬ್ಬಿತು. ನಾನು ಹೇಳ್ತಿರೋದು ನುಂಗೋದಲ್ಲ. ಯೋನಿಯೊಳಗೆ ಮಾತ್ರ ಹಚ್ಚೋ, ತೀರಾ ಕಡಿಮೆ ಪ್ರಮಾಣದ್ದು. ರಕ್ತಕ್ಕೆ ಸೇರೋದು ಅತ್ಯಲ್ಪ. ಅದೇ ಅಮೆರಿಕದ ಯೋಜನೆಯವರು ನಲವತ್ತೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನ ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಬರೆದ್ರು: ಹಚ್ಚಿಕೊಂಡವರಿಗೆ ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್, ಹೃದಯದ ಕಾಯಿಲೆ ಯಾವುದೂ ಹಚ್ಚಿಕೊಳ್ಳದವರಿಗಿಂತ ಹೆಚ್ಚಾಗಿರಲಿಲ್ಲ ಅಂತ.

ಅತ್ತಿಗೆ: ಹಾಗಾದ್ರೆ ಯಾರು ಬೇಕಾದ್ರೂ ಹಚ್ಕೋಬಹುದಾ?

ನಾದಿನಿ: ಇಲ್ಲ. ಸ್ತನ ಕ್ಯಾನ್ಸರ್ ಆದವರು ಕ್ಯಾನ್ಸರ್ ಡಾಕ್ಟ್ರನ್ನ ಕೇಳದೆ ಮುಟ್ಟಬಾರದು. ಅವರಿಗೆ ಮೊದಲು ಹಾರ್ಮೋನು ಇಲ್ಲದ್ದನ್ನೇ ಕೊಡ್ತಾರೆ. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದವರಿಗೆ ಮೊದಲು ಪರೀಕ್ಷೆ, ಆಮೇಲೆ ಬೇರೆ ಮಾತು. ಮಿಕ್ಕವರಿಗೂ ಡಾಕ್ಟ್ರು ನೋಡಿ ಬರೆದುಕೊಡಬೇಕು. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಟ್ಯೂಬಿನ ಜೊತೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಕೊಳವೆ ಬರತ್ತೆ. ಮಲಗೋ ಮೊದಲು ಕೈ ತೊಳ್ಕೊಂಡು, ಕೊಳವೆಗೆ ಗೆರೆಯವರೆಗೆ ತುಂಬಿ, ಅಂಗಾತ ಮಲಗಿ ಮಂಡಿ ಮಡಚಿ ಒಳಗೆ ಬಿಡೋದು. ಕೊಳವೆಯನ್ನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ ಇಡೋದು. ಹಚ್ಚಿದ ಮಾರನೇ ದಿನ ಏನೂ ಗೊತ್ತಾಗಲ್ಲ. ಕೆಲವು ವಾರ ಬೇಕು, ಪೂರ್ತಿ ಗುಣ ಕಾಣೋಕೆ ಮೂರು ತಿಂಗಳೂ ಆಗಬಹುದು. ಎಂಟು ದಿನ ಹಚ್ಚಿ ಪ್ರಯೋಜನ ಇಲ್ಲ ಅಂತ ಬಿಸಾಡೋರೇ ಹೆಚ್ಚು. ವಾಸಿಯಾಯ್ತು ಅಂತ ಬಿಟ್ರೂ ಮತ್ತೆ ಬರತ್ತೆ.

ಅತ್ತಿಗೆ: ನಾನು ಸ್ನಾನದ ನೀರಿಗೆ ಗಾಯ ತೊಳೆಯೋ ಔಷಧಿ ಒಂದು ಮುಚ್ಚಳ ಹಾಕ್ಕೊಳ್ತೀನಿ. ಬೇವಿನಸೊಪ್ಪು ಕುದಿಸಿ ತೊಳ್ಕೊಳ್ಳೋದೂ ಉಂಟು. ಸೋಪು ಹಾಕಿ ಚೆನ್ನಾಗಿ ಉಜ್ಜಿದ್ರೆ ಒಂದು ಗಳಿಗೆ ಹಿತ, ಆಮೇಲೆ ಇನ್ನೂ ಜಾಸ್ತಿ.

ನಾದಿನಿ: ಅದೆಲ್ಲ ಇವತ್ತೇ ನಿಲ್ಲಿಸಿ. ಹೊರಗೆ ಬರೀ ನೀರು ಸಾಕು, ಒಳಗಂತೂ ತೊಳೆಯಲೇಬಾರದು. ಟಿವಿಯಲ್ಲಿ ತೋರಿಸೋ ಸುವಾಸನೆಯ ದ್ರಾವಣವೂ ಬೇಡ. ಹತ್ತಿಯ ಒಳಉಡುಪು ಹಾಕ್ಕೊಳ್ಳಿ, ರಾತ್ರಿ ಅದೂ ಬೇಡ. ಇನ್ನೊಂದು ಮಾತು, ತುರಿಕೆ ಇದ್ರೆ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಶಿಲೀಂಧ್ರದ ಸೋಂಕು ಬೇಗ ಬರತ್ತೆ. ಎಷ್ಟೋ ಜನಕ್ಕೆ ತಮಗೆ ಸಕ್ಕರೆ ಕಾಯಿಲೆ ಇದೆ ಅನ್ನೋದು ಗೊತ್ತಾಗಿದ್ದೇ ಈ ತುರಿಕೆಯಿಂದ. ಚರ್ಮ ಬೆಳ್ಳಗೆ, ಕಾಗದದ ಹಾಗೆ ತೆಳ್ಳಗೆ ಆಗಿ ರಾತ್ರಿಯೆಲ್ಲ ತುರಿಸ್ತಿದ್ರೆ ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮುಲಾಮು. ಅದಕ್ಕೇ ನೋಡಿಸಿಕೊಳ್ಳಿ ಅನ್ನೋದು. ಹೊರಗಿಂದ ಎಲ್ಲವೂ ತುರಿಕೆಯೇ, ಒಳಗಿನ ಕಾರಣ ನಾಲ್ಕಿರಬಹುದು.

ಅತ್ತಿಗೆ: ನೋಡಿಸಿಕೊಳ್ಳೋದು ಅಂದ್ರೆ ಮೇಜಿನ ಮೇಲೆ ಮಲಗಿಸ್ತಾರಲ್ಲ. ಮಕ್ಕಳು ಹುಟ್ಟಿದ್ಮೇಲೆ ನಾನು ಆ ಮೇಜು ಹತ್ತಿಲ್ಲ.

ನಾದಿನಿ: ಹೆಂಗಸು ಡಾಕ್ಟ್ರೇ ಬೇಕು ಅಂತ ಕೇಳಬಹುದು. ನರ್ಸ್ ಜೊತೆಗಿರಲಿ ಅನ್ನಬಹುದು. ನೋವಾದ್ರೆ ನಿಲ್ಲಿಸಿ ಅಂತ ಜೋರಾಗೇ ಹೇಳಬಹುದು. ಮುಟ್ಟು ನಿಂತವರಿಗೆ ಸಣ್ಣ ಉಪಕರಣ ಬಳಸಬೇಕು, ಜೆಲ್ ಹಚ್ಚಬೇಕು. ಒರಟಾಗಿ ಪರೀಕ್ಷೆ ಮಾಡೋದನ್ನ ನಾನು ಕಂಡಿಲ್ಲ ಅನ್ನಲ್ಲ, ಕಂಡಿದ್ದೀನಿ. ಹಾಗೆ ಮಾಡಿದವರ ಹತ್ರ ಇನ್ನೊಂದು ಸಲ ಹೋಗಬೇಡಿ. ಬೇರೆ ಡಾಕ್ಟ್ರ ಹತ್ರ ಹೋಗಿ.

ಅತ್ತಿಗೆ: ನಿನ್ನ ಹತ್ರ ಒಂದು ಮಾತು ಹೇಳಬೇಕು. ಹೇಳಬಾರದು ಅಂತಲೇ ಇದ್ದೆ. ಅತ್ತೆಗೆ ಗರ್ಭಕೋಶ ಜಾರಿತ್ತು.

ನಾದಿನಿ: ಯಾರಿಗೆ? ಅಮ್ಮನಿಗಾ?

ಅತ್ತಿಗೆ: ಹೂಂ. ಹೊರಗೇ ಬಂದಿರ್ತಿತ್ತು. ಹಳೇ ಪಂಚೆ ಹರಿದು ಲಂಗೋಟಿ ಹಾಗೆ ಬಿಗಿದು ಕಟ್ಕೊಳ್ತಿದ್ರು. ಆ ಬಟ್ಟೆಗಳನ್ನ ಬಚ್ಚಲಲ್ಲಿ ತೊಳೆದು ಹಿತ್ತಲಲ್ಲಿ, ಸೀರೆಯ ಒಳಗೆ ಮುಚ್ಚಿ ಒಣಗಿಸ್ತಿದ್ದದ್ದು ನಾನು. ಒಂಬತ್ತು ಹೆತ್ತವರು, ಹೆತ್ತು ತಿಂಗಳಾಗೋ ಮೊದಲೇ ಸೊಪ್ಪಿನ ಹೊರೆ ಹೊತ್ತವರು. ಮಗಳಿಗೆ ಹೇಳಬೇಡ, ಅವಳು ದೊಡ್ಡಾಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ ಅಂತ ನನ್ನ ಕೈ ಹಿಡ್ಕೊಂಡು ಆಣೆ ಮಾಡಿಸಿದ್ರು.

ನಾದಿನಿ: ಅಮ್ಮ ಕೊನೆಕೊನೆಗೆ ಕುಂಡೆ ಊರಿ ಕೂರ್ತಾನೇ ಇರಲಿಲ್ಲ. ಬೆನ್ನು ನೋವು ಅಂತಿದ್ಲು. ಅತ್ತಿಗೆ, ಸಿಲಿಕೋನಿನ ಒಂದು ಬಳೆ ಬರತ್ತೆ, ರಿಂಗ್ ಪೆಸರಿ ಅಂತಾರೆ. ಜಾರಿದ ಗರ್ಭಕೋಶವನ್ನ ಮೇಲೆ ತಳ್ಳಿ ಒಳಗೆ ಅದನ್ನ ಕೂರಿಸಿಬಿಟ್ರೆ ಆಸರೆ ಕೊಡತ್ತೆ. ಆಪರೇಷನ್ ಬೇಡದವರಿಗೆ, ವಯಸ್ಸಾದವರಿಗೆ ಅದೇ ಸಾಕು. ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ಹಾಕೋದು. ನನ್ನ ಕೈಯಾರೆ ಎಷ್ಟು ಜನಕ್ಕೆ ಹಾಕೋಕೆ ನೆರವಾಗಿದ್ದೀನಿ. ನನ್ನ ಅಮ್ಮ ಕುಬುಸದ ಚೂರು, ಪಂಚೆ ಚೂರು ಕಟ್ಕೊಂಡು ಓಡಾಡಿದ್ಲು.

ಅತ್ತಿಗೆ: ಅಳಬೇಡ ಮಾರಾಯ್ತಿ. ಅವರಿಗೆ ನಾಚಿಕೆ ದೊಡ್ಡದಾಗಿತ್ತು.

ನಾದಿನಿ: ನಾಚಿಕೆ ಅವಳದ್ದಾಗಿರಲಿಲ್ಲ. ಕಲಿಸಿದ್ದು ನಾವೆಲ್ಲ ಸೇರಿ. ಸರಿ, ನಿಮ್ಮದು ಹೇಳಿ. ಕೆಮ್ಮಿದಾಗ, ಸೀನಿದಾಗ ಹನಿ ಬೀಳತ್ತಾ? ಕೆಳಗೆ ಏನೋ ಭಾರ, ಇಳಿದ ಹಾಗೆ ಅನ್ನಿಸತ್ತಾ?

ಅತ್ತಿಗೆ: ಭಾರ ಇಲ್ಲ. ಕೆಮ್ಮಿದ್ರೆ ಹನಿ ಬೀಳತ್ತೆ. ಮನೆ ಬಾಗಿಲಿಗೆ ಬಂದು ಬೀಗ ತೆಗೆಯುವಾಗ ಮಾತ್ರ ತಡೆಯೋಕೇ ಆಗಲ್ಲ.

ನಾದಿನಿ: ಎರಡೂ ಇದೆ ನಿಮಗೆ. ಕೆಮ್ಮಿದಾಗ ಬೀಳೋದು ಕೆಳಗಿನ ಸ್ನಾಯು ಸಡಿಲವಾಗಿದ್ದಕ್ಕೆ, ಬೀಗ ತೆಗೆಯುವಾಗ ಬರೋದು ಮೂತ್ರಕೋಶ ತಾನಾಗೇ ಹಿಂಡೋದ್ರಿಂದ. ಸ್ನಾಯುವಿಗೆ ವ್ಯಾಯಾಮ ಇದೆ. 1948ರಲ್ಲಿ ಅರ್ನಾಲ್ಡ್ ಕೀಗಲ್ ಅನ್ನೋ ಅಮೆರಿಕದ ವೈದ್ಯ ಅದರ ಬಗ್ಗೆ ಬರೆದ, ಅವನ ಹೆಸರಲ್ಲೇ ಕೀಗಲ್ ವ್ಯಾಯಾಮ ಅಂತಾರೆ. ಗಾಳಿ ಹೋಗೋದನ್ನ ತಡೆಯೋ ಹಾಗೆ ಹಿಂದಿನಿಂದ ಮುಂದಕ್ಕೆ ಬಿಗಿ ಹಿಡಿದು ಮೇಲಕ್ಕೆ ಎಳ್ಕೋಬೇಕು. ಹೊಟ್ಟೆ, ತೊಡೆ, ಉಸಿರು ಯಾವುದನ್ನೂ ಬಿಗಿಹಿಡಿಯಬಾರದು. ಐದು ಎಣಿಸೋವರೆಗೆ ಹಿಡಿಯೋದು, ಅಷ್ಟೇ ಹೊತ್ತು ಬಿಡೋದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಕ್ಕಿ ಆರಿಸ್ತಾ ಕೂತಾಗಲೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಮೂರು ತಿಂಗಳು ಬಿಡದೆ ಮಾಡಬೇಕು. ಅವಸರಕ್ಕೆ ಬೇರೆ ಅಭ್ಯಾಸ: ಎದ್ದು ಓಡದೆ ಕೂತಲ್ಲೇ ಬಿಗಿಹಿಡಿದು, ಆ ಅಲೆ ಇಳಿದ ಮೇಲೆ ನಿಧಾನ ನಡೆದು ಹೋಗೋದು. ಇವತ್ತು ಐದು ನಿಮಿಷ ತಡೆದ್ರೆ ಮುಂದಿನ ವಾರ ಹತ್ತು. ಕಾಫಿ, ಟೀ ಕಡಿಮೆ ಮಾಡಿ. ನೀರು ಕಡಿಮೆ ಮಾಡಬೇಡಿ.

ಅತ್ತಿಗೆ: ನಮ್ಮ ಓಣಿಯವರು ಗರ್ಭಕೋಶ ತೆಗೆಸಿಬಿಡು, ಎಲ್ಲ ಮುಗಿಯತ್ತೆ ಅಂದ್ರು.

ನಾದಿನಿ: ಉರಿಗೂ ಅವಸರಕ್ಕೂ ಗರ್ಭಕೋಶ ಕಾರಣವೇ ಅಲ್ಲ, ತೆಗೆದ್ರೆ ಹೇಗೆ ಹೋಗತ್ತೆ? ಕಲಬುರಗಿ ಕಡೆ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಎಳೇ ವಯಸ್ಸಿನ ಲಂಬಾಣಿ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದುಬಿಟ್ಟಿದ್ದು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಜೊತೆಗೆ ಅಂಡಾಶಯವನ್ನೂ ತೆಗೆದ್ರೆ ನಲವತ್ತೇಳಕ್ಕೆ ಬರಬೇಕಾದ ಒಣಗು, ಉರಿ ಮೂವತ್ತೈದಕ್ಕೇ, ಒಂದೇ ಸಲಕ್ಕೆ ಬರತ್ತೆ. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಅನಗತ್ಯ ಆಪರೇಷನ್ ತಡೆಯೋ ಮಾರ್ಗಸೂಚಿಯನ್ನ ಮೂರು ತಿಂಗಳೊಳಗೆ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಬೇಕಾಗಿ ಬಂತು. ಓಣಿಯ ಮಾತು ಕೇಳಬೇಡಿ.

ಅತ್ತಿಗೆ: ಇನ್ನೊಂದಿದೆ. ನಿನ್ನ ಹತ್ರ ಹೇಗೆ ಹೇಳೋದು, ಅವರು ನಿನ್ನ ಅಣ್ಣ.

ನಾದಿನಿ: ಇಲ್ಲಿ ನಾನು ಯಾರ ತಂಗಿಯೂ ಅಲ್ಲ. ಹೇಳಿ.

ಅತ್ತಿಗೆ: ಮೊಮ್ಮಗಳನ್ನ ಪಕ್ಕದಲ್ಲಿ ಮಲಗಿಸ್ಕೊಳ್ತೀನಲ್ಲ, ಅವಳು ಹೆದರ್ತಾಳೆ ಅಂತ ಹೇಳಿದ್ದು ಸುಳ್ಳು. ನೋವು ತಡೆಯೋಕಾಗ್ತಿರಲಿಲ್ಲ. ಒಂದೆರಡು ಸಲ ರಕ್ತದ ಗೆರೆಯೂ ಕಂಡಿತ್ತು. ಅವರಿಗೆ ಹೇಳೋ ಧೈರ್ಯ ಆಗಲಿಲ್ಲ. ನನ್ನ ಮೇಲೆ ಮನಸ್ಸಿಲ್ಲ ನಿನಗೆ ಅಂತ ಅವರು, ವಯಸ್ಸಾದ್ರೂ ಬುದ್ಧಿ ಬರಲಿಲ್ಲ ಅಂತ ನಾನು. ಈಗ ಅವರು ಜಗಲಿಯಲ್ಲಿ ಮಲಗ್ತಾರೆ. ಮಾತೂ ಕಡಿಮೆಯಾಯ್ತು. ತಲೆ ನೇವರಿಸೋದು, ಕಾಲು ಒತ್ತೋದು, ಅದೂ ನಿಂತುಹೋಯ್ತು.

ನಾದಿನಿ: ಅಣ್ಣನಿಗೆ ನೋವು ಅಂತ ಗೊತ್ತೇ ಇಲ್ಲ ಅಲ್ವಾ?

ಅತ್ತಿಗೆ: ಹೇಗೆ ಗೊತ್ತಾಗಬೇಕು?

ನಾದಿನಿ: ಹೇಳಿ ಅವನಿಗೆ. ಮನಸ್ಸು ಬೇಡ ಅಂದಾಗ ಬೇಡ ಅನ್ನೋ ಹಕ್ಕು ಯಾವ ವಯಸ್ಸಿಗೂ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಿಮ್ಮ ಮನಸ್ಸು ಬೇಡ ಅಂದಿಲ್ಲ, ಮೈ ನೋಯತ್ತೆ. ಅದಕ್ಕೆ ಔಷಧಿ ಇದೆ. ಕ್ರೀಮು ಕೆಲಸ ಮಾಡೋವರೆಗೆ, ಕ್ರೀಮು ಬೇಡ ಅನ್ನೋರಿಗೂ, ಮೆಡಿಕಲ್ ಶಾಪಲ್ಲಿ ನೀರಿನಂಶದ ಜೆಲ್ ಸಿಗತ್ತೆ, ಆ ಹೊತ್ತಿಗೆ ಹಚ್ಚೋದು. ಎರಡು ಮೂರು ದಿನಕ್ಕೊಮ್ಮೆ ಹಚ್ಚಿ ಒಳಗೆ ಪಸೆ ಉಳಿಸೋ ಮಾಯಿಶ್ಚರೈಸರ್ ಬೇರೆ ಇದೆ. ಆತುರ ಬೇಡ ಅಂತ ಅವನಿಗೆ ಹೇಳಿ. ಈ ವಯಸ್ಸಿನ ಮೈಗೆ ಹೆಚ್ಚು ಹೊತ್ತು ಬೇಕು. ಆದ್ರೆ ರಕ್ತ ಕಂಡಿದ್ದನ್ನ ಡಾಕ್ಟ್ರಿಗೆ ಮರೆಯದೆ ಹೇಳಬೇಕು.

ಅತ್ತಿಗೆ: ಉಜ್ಜಿ ಬಂದಿರಬೇಕು.

ನಾದಿನಿ: ಹಾಗೇ ಇರಬಹುದು. ತೆಳುವಾದ ಪದರ ಬೇಗ ಸುಲಿಯತ್ತೆ. ಆದ್ರೆ ಹಾಗೇ ಅಂತ ನಾವೇ ತೀರ್ಮಾನ ಮಾಡೋ ಹಾಗಿಲ್ಲ. ಮುಟ್ಟು ನಿಂತು ಒಂದು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡ್ರೂ ಸ್ಕ್ಯಾನ್ ಆಗಬೇಕು. ಒಳಗಿಂದ ಮಾಡೋ ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ನಾಲ್ಕು ಮಿಲಿಮೀಟರಿಗಿಂತ ದಪ್ಪ ಇದ್ರೆ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಹೀಗೆ ರಕ್ತ ಕಂಡ ನೂರು ಹೆಂಗಸರಲ್ಲಿ ಸುಮಾರು ಒಂಬತ್ತು ಜನಕ್ಕೆ ಗರ್ಭಕೋಶದ ಕ್ಯಾನ್ಸರ್ ಇರತ್ತೆ. ತೊಂಬತ್ತೊಂದು ಜನಕ್ಕೆ ಇರಲ್ಲ. ಆ ಒಂಬತ್ತು ಜನ ಬೇಗ ಬಂದ್ರೆ ಬಹುಪಾಲು ಉಳೀತಾರೆ. ಹೋದಾಗಲೇ ಗರ್ಭಕೋಶದ ಕೊರಳಿನ ಪರೀಕ್ಷೆಯೂ ಆಗಿಬಿಡಲಿ.

ಅತ್ತಿಗೆ: ಹಾಗಾದ್ರೆ ಆಚೆಮನೆ ಗೌರಕ್ಕನಂಥವರದ್ದು... ಹೆಸರು ಹೇಳಬಾರದಿತ್ತು. ಹಾಲಿಗೆ ಬಂದಾಗ ಹೇಳಿದ್ಲು. ಅರವತ್ನಾಲ್ಕು ಅವಳಿಗೆ. ಮತ್ತೆ ಹೊರಗಾಗ್ತಿದೀನಿ ಅಂತ, ದೇವರ ಕೋಣೆಗೆ ಹೋಗೋದು ಬಿಟ್ಟಿದ್ದಾಳೆ. ಮೂರು ದಿನ ಇತ್ತು, ನಿಂತಿತು, ಮೊನ್ನೆ ಮತ್ತೆ ಬಂತಂತೆ.

ನಾದಿನಿ: ಅರವತ್ನಾಲ್ಕಕ್ಕೆ ಮುಟ್ಟು ಬರಲ್ಲ ಅತ್ತಿಗೆ. ಅವರಿಗೆ ಈ ವಾರವೇ ಸ್ಕ್ಯಾನ್ ಆಗಬೇಕು. ನಿಮ್ಮ ಜೊತೆಗೇ ಕರ್ಕೊಂಡು ಬನ್ನಿ, ಸೋಮವಾರ ನಾನು ಡ್ಯೂಟಿಯಲ್ಲಿರ್ತೀನಿ.

ಅತ್ತಿಗೆ: ಅವಳ ಮಗ ಕಳಿಸಬೇಕಲ್ಲ. ಅವನಿಗೆ ನಾನು ಏನಂತ ಹೇಳಲಿ? ಹೊಟ್ಟೆನೋವು ಅಂತ ಹೇಳಲಾ?

ನಾದಿನಿ: ಹೊಟ್ಟೆನೋವು ಅಂದ್ರೆ ಕಷಾಯ ಕುಡಿಸ್ತಾನೆ. ಇದ್ದದ್ದನ್ನೇ ಹೇಳಿ. ನಿಮ್ಮಮ್ಮನಿಗೆ ಮುಟ್ಟು ನಿಂತು ವರ್ಷಗಟ್ಟಲೆ ಆದ ಮೇಲೆ ರಕ್ತ ಹೋಗ್ತಿದೆ, ಗರ್ಭಕೋಶದ ಸ್ಕ್ಯಾನ್ ಮಾಡಿಸಬೇಕು ಅಂತ.

ಅತ್ತಿಗೆ: ಗಂಡುಹುಡುಗನ ಎದುರಿಗೆ ಹೀಗೇ ಹೇಳಲಾ?

ನಾದಿನಿ: ಹೀಗೇ ಹೇಳಿ. ಅವರ ಆಧಾರ್ ಕಾರ್ಡು, ಹಳೇ ಚೀಟಿ ಏನಿದ್ರೂ ತರೋಕೆ ಹೇಳಿ. ಒಂಬತ್ತು ಗಂಟೆಯೊಳಗೆ ಚೀಟಿ ಮಾಡಿಸ್ಕೊಳ್ಳೋ ಹಾಗೆ ಬನ್ನಿ.